ದೊರೆಯ ಬಲ ಮಂಡಿ

ಕುದುರೆಗೆ ದೊರೆ ಅಂತ ಹೆಸರಿಟ್ಟವಳು ಅತ್ತೆ. ಮರಿಯಾಗಿದ್ದಾಗ ಅದು ಯಾರು ಎಳೆದರೂ ಕದಲುತ್ತಿರಲಿಲ್ಲವಂತೆ. ನಾಲ್ಕು ಒಳ್ಳೆಯ ಮಾತಾಡಿ, ಕತ್ತು ತುರಿಸಿ, ದಾರಿ ಬಿಟ್ಟು ಪಕ್ಕಕ್ಕೆ ನಿಂತರೆ ತಾನಾಗಿಯೇ ಹೊರಡುತ್ತಿತ್ತಂತೆ. ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಹಾಲಿನ ಗಾಡಿ ಎಳೆಯಿತು. ಗಾಡಿ ಹೊಡೆಯುತ್ತಿದ್ದವಳೂ ಅತ್ತೆಯೇ. ಯಾವ ಮನೆಯ ಮುಂದೆ ನಿಲ್ಲಬೇಕು, ಯಾವ ಮನೆಯವರು ಬೀಗ ಹಾಕಿಕೊಂಡು ಹೋಗಿದ್ದಾರೆ ಅನ್ನುವುದೆಲ್ಲ ಕೊನೆಕೊನೆಗೆ ಅವಳಿಗಿಂತ ಕುದುರೆಗೇ ಚೆನ್ನಾಗಿ ಗೊತ್ತಿತ್ತು. ಡೈರಿಯವರು ವ್ಯಾನು ತಂದ ಮೇಲೆ ಇಬ್ಬರೂ ಒಟ್ಟಿಗೆ ಕೆಲಸ ಬಿಟ್ಟರು. ಅಷ್ಟು ಹೊತ್ತಿಗಾಗಲೇ ದೊರೆಯ ಮುಂಗಾಲುಗಳಲ್ಲಿ ಬಲಗಡೆಯದರ ಮಂಡಿ ದಪ್ಪಗಾಗಿ, ಮರದ ಗಂಟಿನಂತೆ ಹೊರಗೆ ಎದ್ದು ನಿಂತಿತ್ತು.

ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಕಲ್ಲು ಹಾಸಿದ ಹಿತ್ತಲು, ಹಿತ್ತಲಿನ ಆಚೆ ತುದಿಗೆ ಲಾಯ. ಲಾಯದ ಗೋಡೆಗೆ ಬೆನ್ನು ಕೊಟ್ಟಂತೆ ಒಂದು ವೆಲ್ಡಿಂಗ್ ಅಂಗಡಿ. ಆ ಮನೆಯಲ್ಲಿ ಈಗ ಇದ್ದದ್ದು ಅತ್ತೆ ಮತ್ತು ಸೊಸೆ, ಇಬ್ಬರೇ. ನಡುವೆ ಇರಬೇಕಾಗಿದ್ದವನು ವಿದ್ಯುತ್ ಕಂಬ ಹತ್ತುವ ಕೆಲಸದವನು. ಹೋದ ವಸಂತದಲ್ಲಿ ಕಂಬದಿಂದ ಬಿದ್ದು ತಲೆಗೆ ಪೆಟ್ಟಾಗಿ, ಆಸ್ಪತ್ರೆಯಲ್ಲಿ ಬಹಳ ದಿನ ಯಂತ್ರದ ಉಸಿರಿನಲ್ಲಿ ಮಲಗಿದ್ದ. ಇನ್ನು ಅವನು ಏಳುವುದಿಲ್ಲ, ಯಂತ್ರ ತೆಗೆಯುವುದು ಬಿಡುವುದು ನಿಮಗೆ ಸೇರಿದ್ದು ಅಂತ ಡಾಕ್ಟರು ಹೇಳಿದಾಗ ಅತ್ತೆ, ‘ಕಾಯೋಣ’ ಅಂದಳು. ಮತ್ತೆ ಕೇಳಿದಾಗಲೂ ‘ಕಾಯೋಣ’ ಅಂದಳು. ಮೂರನೆಯ ಸಲ ಡಾಕ್ಟರು ಅತ್ತೆಯನ್ನು ಕೇಳಲಿಲ್ಲ, ಹೆಂಡತಿಯನ್ನು ಕೇಳಿದರು. ಯಂತ್ರ ತೆಗೆದರು.

ಅವತ್ತಿನಿಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಳು. ಬೈಯಲಿಲ್ಲ, ಮನೆಯಿಂದ ಹೋಗು ಅನ್ನಲೂ ಇಲ್ಲ. ಹೇಳಲೇಬೇಕಾದ ಮಾತಿದ್ದರೆ ಎದುರಿಗಿದ್ದ ವಸ್ತುವಿಗೆ ಹೇಳುತ್ತಿದ್ದಳು. ‘ಗ್ಯಾಸು ಮುಗೀತಾ ಬಂತು’ ಅಂತ ಒಲೆಗೆ ಹೇಳುವಳು. ‘ನಾಳೆ ಬದಲಾಯಿಸ್ತೀನಿ’ ಅಂತ ಸೊಸೆಯೂ ಒಲೆಗೇ ಹೇಳುವಳು. ನೋಡಿದವರಿಗೆ ನಗು ಬರುತ್ತಿತ್ತೇನೋ, ಆದರೆ ಆ ಮನೆಗೆ ಬಂದು ನೋಡುವವರು ಯಾರೂ ಇರಲಿಲ್ಲ. ಸೊಸೆಗೆ ಹೋಗಲು ಬೇರೆ ಜಾಗವಿರಲಿಲ್ಲ. ಅಣ್ಣನ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅವಳು ಬೇಕರಿಯಲ್ಲಿ ಭಟ್ಟಿಯ ಮುಂದೆ ಕೆಲಸ ಮಾಡುತ್ತಿದ್ದಳು. ಬೆಳಕು ಹರಿಯುವ ಮುಂಚೆ ಹೋದರೆ, ಬ್ರೆಡ್ಡೆಲ್ಲ ಅಂಗಡಿಗಳಿಗೆ ಹೋದ ಮೇಲೆ ಮೈಯೆಲ್ಲ ಹಿಟ್ಟಿನ ವಾಸನೆ ಹೊತ್ತು ವಾಪಸು ಬರುತ್ತಿದ್ದಳು.

ಚಳಿ ಶುರುವಾದ ವಾರವೇ ಅತ್ತೆ ಹಿತ್ತಲಿನ ಕಲ್ಲಿನ ಮೇಲೆ ಜಾರಿ ಬಿದ್ದು ಬಲ ಮುಂಗೈ ಮುರಿದುಕೊಂಡಳು. ವೆಲ್ಡಿಂಗ್ ಅಂಗಡಿಯವನು ಅವಳನ್ನು ತನ್ನ ಟೆಂಪೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನನ್ನು ಬೀದಿಯವರು ಸೈಲೆನ್ಸರ್ ಅಂತ ಕರೆಯುತ್ತಿದ್ದರು, ಯಾಕೆಂದರೆ ಬಾಯಿ ತೆರೆದರೆ ಅದಿಲ್ಲದ ಮೋಟರ್ ಸೈಕಲ್ಲಿನಂತೆ ಮಾತಾಡುತ್ತಿದ್ದ. ಸತ್ತವನ ಗೆಳೆಯ. ಅವರು ಪ್ಲಾಸ್ಟರ್ ಹಾಕಿಸಲು ಹೋಗಿದ್ದ ಅದೇ ಹೊತ್ತಿಗೆ, ಮೊದಲೇ ಹೇಳಿಕಳಿಸಿದ್ದ ಕುದುರೆ ಡಾಕ್ಟರು ಹಿತ್ತಲಿಗೆ ಬಂದಳು. ಆಗಷ್ಟೇ ಬೇಕರಿಯಿಂದ ಬಂದಿದ್ದ ಸೊಸೆ ಒಬ್ಬಳೇ ಇದ್ದಳು.

ಡಾಕ್ಟರು ಗುಂಡಗಿನ, ಚುರುಕು ಹೆಂಗಸು. ಕೈಗವಸು ತೆಗೆದು ದೊರೆಯ ಮಂಡಿಯ ಮೇಲೆ ಅಂಗೈ ಇಟ್ಟಳು, ಆಮೇಲೆ ಕೈಯ ಬೆನ್ನು ಇಟ್ಟಳು.

‘ಇಲ್ಲಿ ಮುಟ್ಟಿ ನೋಡಮ್ಮ. ಅಂಗೈಯಿಂದಲ್ಲ, ಹಿಂಗೈಯಿಂದ. ಬಿಸಿ ಗೊತ್ತಾಗುತ್ತಾ?’

‘ಹೂಂ.’

‘ಬಿಸಿ ಇದ್ದು ಊದಿದ್ದರೆ ತಣ್ಣೀರು ಬಿಡು. ತಣ್ಣಗಿದ್ದು ಕಟ್ಟಿಗೆ ಥರ ಬಿಗಿದುಕೊಂಡಿದ್ದರೆ ಶಾಖ ಕೊಡು. ಉಲ್ಟಾ ಮಾಡಬೇಡ. ನಿಂತಲ್ಲೇ ನಿಂತರೆ ಕಾಲಿಗೆಲ್ಲ ನೀರು ಇಳಿಯುತ್ತೆ, ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ ನಡೆಸು. ಓಡಿಸೋದು ಬೇಡ. ಮಂಡಿಗೆ ಬ್ಯಾಂಡೇಜು ಸುತ್ತಿಡು. ತಿರುಗಿಸುವಾಗ ದೊಡ್ಡ ಸುತ್ತು ತಗೋ. ಕೆಳಗೆ ಮರದ ಹೊಟ್ಟು ಮೊಣಕಾಲು ಮುಳುಗೋ ಅಷ್ಟು ಹಾಸು, ಇಲ್ಲದಿದ್ದರೆ ಅದು ಹೆದರಿ ಮಲಗೋದೇ ಇಲ್ಲ. ಈ ಪುಡಿ ಬೆಳಗ್ಗೆ ಒಂದು ಪೊಟ್ಟಣ, ಬೂಸಾದಲ್ಲಿ ಕಲಸಿ. ಖಾಲಿ ಹೊಟ್ಟೆಗೆ ಬೇಡ.’

ಸೊಸೆ ಎಲ್ಲಕ್ಕೂ ತಲೆಯಾಡಿಸಿದಳು. ಅವಳಿಗೆ ಕುದುರೆ ಹೊಸದಲ್ಲ, ಆದರೆ ಹತ್ತಿರ ಹೋಗಿ ಅದರ ಕಾಲು ಹಿಡಿದದ್ದು ಅದೇ ಮೊದಲು. ಈ ಮನೆಯಲ್ಲಿ ಲಾಯವೆಂದರೆ ಅತ್ತೆಯ ಸೀಮೆ. ಇನ್ನೊಬ್ಬರು ಅಲ್ಲಿ ಕಾಲಿಡಬಾರದು ಅಂತ ಯಾರೂ ಹೇಳಿರಲಿಲ್ಲವಾದರೂ ಎಲ್ಲರಿಗೂ ಗೊತ್ತಿತ್ತು.

ಮರುದಿನ ಅವಳು ಕಟ್ಟಿದ ಮೊದಲ ಬ್ಯಾಂಡೇಜು ಎರಡು ಹೆಜ್ಜೆಗೆ ಸಡಿಲಾಗಿ, ಹಳೇ ಕಾಲುಚೀಲದಂತೆ ಗೊರಸಿನ ಮೇಲೆ ಬಂದು ಕೂತಿತು. ಅತ್ತೆ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡು ಲಾಯದ ಬಾಗಿಲಲ್ಲಿ ನಿಂತಿದ್ದಳು.

‘ದೊರೆ,’ ಅಂದಳು ಕುದುರೆಗೆ, ‘ಮೊದಲು ಹತ್ತಿ ಇಟ್ಟುಕೋಬೇಕು ಅಂತ ಹೇಳು. ಸುಕ್ಕಿಲ್ಲದ ಹಾಗೆ. ಆಮೇಲೆ ಮುಂದಿನಿಂದ ಹಿಂದಕ್ಕೆ ಸುತ್ತಬೇಕು. ಸಂದಿನಲ್ಲಿ ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು.’

ಸೊಸೆ ಬಿಚ್ಚಿ ಮತ್ತೆ ಸುತ್ತಿದಳು.

‘ಬಿಗಿಯಾಯ್ತು ಅಂತ ಹೇಳು.’

ಮತ್ತೆ ಬಿಚ್ಚಿದಳು. ದೊರೆ ಇಬ್ಬರ ನಡುವೆ ಕಿವಿ ಅತ್ತಿತ್ತ ತಿರುಗಿಸುತ್ತ, ಸಹನೆಯಿಂದ ಕಾಲು ಕೊಟ್ಟು ನಿಂತಿತ್ತು. ಹೀಗೆ ಕುದುರೆಯ ಮೂಲಕ ಪಾಠವಾಯಿತು. ಕೆಲವು ದಿನಗಳಲ್ಲಿ ಸೊಸೆಯ ಕೈ ಕೂತಿತು. ಬೇಕರಿಯಲ್ಲಿ ಹಿಟ್ಟು ಹದವಾಯಿತೋ ಇಲ್ಲವೋ ಅನ್ನುವುದು ಅವಳ ಬೆರಳಿಗೆ ಹೇಗೆ ಗೊತ್ತಾಗುತ್ತಿತ್ತೋ ಹಾಗೆಯೇ ಊತವೂ ಗೊತ್ತಾಗತೊಡಗಿತು. ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುವ ಊತ ಒಂದು, ರಬ್ಬರಿನಂತೆ ಪುಟಿದು ಬರುವ ಊತ ಇನ್ನೊಂದು. ಮೊದಲನೆಯದು ನಡೆಸಿದರೆ ಇಳಿಯುತ್ತಿತ್ತು. ಎರಡನೆಯದು ಮಂಡಿಯ ಒಳಗಿನದು. ಅದಕ್ಕೆ ತಣ್ಣೀರು, ಬಟ್ಟೆ, ಪುಡಿ.

ಅತ್ತೆಯ ಹತ್ತಿರ ಕಳೆದ ಚಳಿಗಾಲದ ಅದೇ ಪುಡಿ ಒಂದು ಡಬ್ಬಿಯಲ್ಲಿ ಉಳಿದಿತ್ತು. ಸೊಸೆ ಬೇಕರಿಗೆ ಹೋದ ಮೇಲೆ, ಹೊತ್ತು ಮೂಡುವ ಹೊತ್ತಿಗೆ ಅವಳು ಎಡಗೈಯಲ್ಲೇ ಬೂಸಾ ಕಲಸಿ, ಹಲ್ಲಿನಿಂದ ಪೊಟ್ಟಣ ಹರಿದು ಅದರಲ್ಲಿ ಸುರಿದು ದೊರೆಯ ಮುಂದೆ ಇಡುತ್ತಿದ್ದಳು. ವರ್ಷಗಳಿಂದ ಚಳಿಯಲ್ಲಿ ಅವಳು ಮಾಡುತ್ತ ಬಂದ ಕೆಲಸ ಅದು. ಸೊಸೆ ಬಟ್ಟೆ ಕಟ್ಟಲಿ, ನಡೆಸಲಿ. ಔಷಧಿ ಮಾತ್ರ ತನ್ನದು. ಸೊಸೆ ಬೇಕರಿಯಿಂದ ಬಂದವಳು ತಾನೂ ಒಂದು ಬಕೆಟ್ಟಿನಲ್ಲಿ ಬೂಸಾ ಕಲಸಿ, ಡಾಕ್ಟರು ಕೊಟ್ಟ ಪೊಟ್ಟಣ ಹರಿದು ಹಾಕುತ್ತಿದ್ದಳು. ಮುರಿದ ಕೈಯ ಮುದುಕಿ ಹುಲ್ಲು ನೀರು ನೋಡಿಕೊಂಡರೆ ಹೆಚ್ಚು, ಔಷಧಿ ಹೇಳಿದ್ದು ನನಗೆ ತಾನೆ, ಅಂತ ಅವಳ ಲೆಕ್ಕ. ಬೂಸಾ ಎಷ್ಟು ಸಲ ಕೊಟ್ಟರೂ ದೊರೆ ಬೇಡವೆನ್ನುವ ಜಾತಿಯಲ್ಲ. ಬಕೆಟ್ಟಿನ ತಳ ನೆಕ್ಕಿ ಮಿರುಗಿಸಿಬಿಡುತ್ತಿತ್ತು.

ಮೊದಲ ವಾರಗಳಲ್ಲಿ ದೊರೆ ಬೆರಗಾಗುವಷ್ಟು ಸುಧಾರಿಸಿತು. ಬಿಸಿಲು ಬಂದರೆ ತಾನಾಗಿಯೇ ಲಾಯದಿಂದ ಹೊರಗೆ ಬಂದು ನಿಲ್ಲುತ್ತಿತ್ತು. ಹಿಂದೆಲ್ಲ ಬಲಗಾಲನ್ನು ನೆಲಕ್ಕೆ ತಾಗಿಸಿಯೂ ತಾಗಿಸದಂತೆ ಹಿಡಿಯುತ್ತಿದ್ದದ್ದು ಈಗ ಪೂರ್ತಿ ಊರಿ ನಡೆಯುತ್ತಿತ್ತು. ಒಂದು ದಿನವಂತೂ ಬೀದಿಯಲ್ಲಿ ಹೋಗುತ್ತಿದ್ದ ಹಾಲಿನ ವ್ಯಾನಿನ ಸದ್ದು ಕೇಳಿ ಗೇಟಿನ ತನಕ ಸಣ್ಣ ಓಟದಲ್ಲಿ ಹೋಯಿತು. ಸೈಲೆನ್ಸರ್ ಗೋಡೆಯ ಮೇಲಿಂದ ಇಣುಕಿ, ‘ಏನತ್ತಿಗೆ, ದೊರೆಗೆ ಮದುವೆ ಮಾಡೋ ಪ್ಲಾನ್ ಇದೆಯಾ?’ ಅಂದ. ಸೊಸೆ ಬಹಳ ದಿನದ ಮೇಲೆ ನಕ್ಕಳು. ತನ್ನ ಕೈಗುಣ ಅಂದುಕೊಂಡಳು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಅತ್ತೆಯೂ ತನ್ನ ಕೈಗುಣ ಅಂದುಕೊಂಡಳು. ಒಬ್ಬರು ಇನ್ನೊಬ್ಬರಿಗೆ ಹೇಳಲಿಲ್ಲ.

ಚಳಿ ಏರಿತು. ಹಿತ್ತಲಿನ ತೊಟ್ಟಿಯ ನೀರು ಬೆಳಗ್ಗೆ ಗಾಜಿನ ಹಲಗೆಯಾಗಿರುತ್ತಿತ್ತು. ಒಡೆದು ತೆಗೆಯಬೇಕಾಗುತ್ತಿತ್ತು. ಆಗ ದೊರೆಯ ಲದ್ದಿ ನೀರಾಯಿತು. ಹುಲ್ಲು ಬದಲಾದದ್ದಕ್ಕೆ ಇರಬೇಕು ಅಂತ ಸೊಸೆ ಹುಲ್ಲು ಬದಲಾಯಿಸಿದಳು. ಆಮೇಲೆ ಅದು ಬೂಸಾವನ್ನು ಅರ್ಧಕ್ಕೇ ಬಿಡತೊಡಗಿತು. ಹಲ್ಲು ಕಡಿಯುತ್ತಿತ್ತು, ಪಕ್ಕೆಯ ಕಡೆ ತಿರುಗಿ ತಿರುಗಿ ನೋಡುತ್ತಿತ್ತು. ಕಾಲುಗಳು ಮತ್ತೆ ತುಂಬಿಕೊಂಡವು. ಈ ಸಲ ಬಲಗಾಲೊಂದೇ ಅಲ್ಲ, ನಾಲ್ಕೂ. ಊತ ಇಳಿಯಲಿಲ್ಲವಲ್ಲ ಅಂತ ಅತ್ತೆ ಪುಡಿಯನ್ನು ತಪ್ಪದೆ ಹಾಕಿದಳು. ಸೊಸೆಯೂ ತಪ್ಪದೆ ಹಾಕಿದಳು. ಒಂದು ದಿನ ಮೈತಿಕ್ಕುವಾಗ ಸೊಸೆಯ ಕೈಗೆ ದೊರೆಯ ಹೊಟ್ಟೆಯ ಕೆಳಗೆ ಏನೋ ಮೆತ್ತಗೆ ತಾಗಿತು. ಬಗ್ಗಿ ನೋಡಿದರೆ ಎದೆಯಿಂದ ಹೊಕ್ಕುಳಿನವರೆಗೆ ಉದ್ದಕ್ಕೆ ನೀರು ತುಂಬಿ ಜೋತುಬಿದ್ದಿತ್ತು. ಒತ್ತಿದಳು. ಬೆರಳ ಗುಳಿ ಹಾಗೆಯೇ ಉಳಿಯಿತು.

ಡಾಕ್ಟರು ಬಂದವಳು ಮಂಡಿಯ ಕಡೆ ನೋಡಲೇ ಇಲ್ಲ. ದೊರೆಯ ತುಟಿ ಎತ್ತಿ ಒಸಡು ನೋಡಿದಳು, ನಾಲಿಗೆಯ ಕೆಳಗೆ ನೋಡಿದಳು, ಲದ್ದಿಯನ್ನು ಬೂಟಿನ ತುದಿಯಿಂದ ಕೆದಕಿದಳು, ಕತ್ತಿನಿಂದ ರಕ್ತ ತೆಗೆದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದಳು:

‘ಪುಡಿ ದಿನಕ್ಕೆ ಎಷ್ಟು ಹಾಕ್ತಿದ್ದೀರಿ?’

‘ಒಂದು ಪೊಟ್ಟಣ,’ ಎಂದಳು ಸೊಸೆ.

‘ಒಂದೇ,’ ಎಂದಳು ಬಾಗಿಲಲ್ಲಿ ನಿಂತಿದ್ದ ಅತ್ತೆ, ಅದೇ ಗಳಿಗೆಯಲ್ಲಿ.

ಡಾಕ್ಟರು ಅವಳನ್ನು ನೋಡಿದಳು, ಇವಳನ್ನು ನೋಡಿದಳು.

‘ಹಾಕೋರು ಯಾರು?’

‘ನಾನು,’ ಎಂದಳು ಅತ್ತೆ. ಸೊಸೆ ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು.

ಡಾಕ್ಟರು ರಕ್ತದ ಸೀಸೆಯನ್ನು ಚೀಲದಲ್ಲಿಟ್ಟಳು.

‘ಯಾವಾಗಿನಿಂದ?’ ಡಾಕ್ಟರು ಕೇಳಿದಳು. ‘ನೀವಿಬ್ಬರೂ ಒಂದೇ ಮನೇಲಿ ಇರೋರು ತಾನೆ?’

ಅವಳು ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. ಕೈ ತೊಳೆಯುತ್ತ ಮೆಲ್ಲಗೆ ಹೇಳಿದಳು. ಆ ಪುಡಿ ನೋವಿಗೆ ಒಳ್ಳೆಯದು, ಹೊಟ್ಟೆಗೆ ಕೆಟ್ಟದ್ದು. ಎರಡು ಪಾಲು ಬಿದ್ದು ಕರುಳೆಲ್ಲ ಒಳಗೆ ಹುಣ್ಣಾಗಿದೆ. ರಕ್ತದ ಸಾರ ಅಲ್ಲಿಂದ ಸೋರಿಹೋಗುತ್ತಿದೆ, ಅದಕ್ಕೇ ಮೈಯೆಲ್ಲ ಈ ನೀರು. ಊತ ಇಳೀಲಿ ಅಂತ ಹಾಕಿದ್ದೇ ಊತ ತಂದಿದೆ.

‘ಇವತ್ತಿಂದ ಪುಡಿ ಬಂದ್. ಒಂದು ಚಿಟಿಕೆಯೂ ಕೂಡದು. ಹೊಟ್ಟೆಗೆ ಬೇರೆ ಕೊಡ್ತೀನಿ.’

‘ಮಂಡಿಗೆ?’ ಅತ್ತೆ ಕೇಳಿದಳು.

‘ಮಂಡಿಗೆ ಏನೂ ಇಲ್ಲ ಅಜ್ಜಿ. ಶಾಖ, ಕಟ್ಟು, ನಡಿಗೆ. ನಿಮ್ಮ ಕೈ. ಅಷ್ಟೆ.’

ಡಾಕ್ಟರ ಜೀಪು ಹೋದ ಮೇಲೆ ಸೊಸೆ ಬಕೆಟ್ಟನ್ನು ತೊಳೆಯಲು ಕೂತಳು. ತೊಳೆದದ್ದನ್ನೇ ತೊಳೆಯುತ್ತಿದ್ದಳು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

‘ನಿನಗೆ ಅವಳು ಹೇಳಿದ್ದಳಾ, ಹಾಕು ಅಂತ?’

ಕುದುರೆಗೆ ಹೇಳಿದ್ದಲ್ಲ, ಬಕೆಟ್ಟಿಗೆ ಹೇಳಿದ್ದಲ್ಲ. ಸೊಸೆ ತಿರುಗಿ ನೋಡಲು ಹೆದರಿದಳು.

‘ಹೂಂ ಅತ್ತೆ. ನೀವು ಆಸ್ಪತ್ರೆಗೆ ಹೋಗಿದ್ದಾಗ.’

‘ನನಗೆ ಒಂದು ಮಾತು ಹೇಳೋಕೆ ಆಗಲಿಲ್ವಾ?’

‘ಯಾರಿಗೆ ಹೇಳಲಿ? ಒಲೆಗೆ ಹೇಳಬೇಕಿತ್ತಾ?’

ಅತ್ತೆ ಒಳಗೆ ಹೋಗಿ ಡಬ್ಬಿ ತಂದು, ಉಳಿದಿದ್ದ ಪೊಟ್ಟಣಗಳನ್ನೆಲ್ಲ ಎಡಗೈಯಲ್ಲಿ ಕಸದ ತೊಟ್ಟಿಗೆ ಸುರಿದಳು.

ಆಮೇಲಿನ ದಿನಗಳು ಆ ಚಳಿಗಾಲದ ಅತಿ ಕೆಟ್ಟ ದಿನಗಳು. ಪುಡಿ ಮುಚ್ಚಿಟ್ಟಿದ್ದ ನೋವೆಲ್ಲ ಒಟ್ಟಿಗೆ ಹೊರಬಂತು. ಬೆಳಗ್ಗೆ ಲಾಯದಿಂದ ಹೊರಗೆ ಬರಲು ದೊರೆಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಹೊಸ್ತಿಲ ಹತ್ತಿರ ಬಂದು ಬಲಗಾಲನ್ನು ಮುಂದಿಡುವ ಮೊದಲು ಕತ್ತು ಮೇಲೆತ್ತಿ ಕಣ್ಣು ಅಗಲಿಸುತ್ತಿತ್ತು. ಹೆಜ್ಜೆ ಬಿದ್ದಾಗ ತಲೆ ಕೆಳಗೆ ಕುಸಿಯುತ್ತಿತ್ತು. ನಡೆಸದಿದ್ದರೆ ಕಾಲು ತುಂಬುತ್ತದೆ, ನಡೆಸಿದರೆ ಮಂಡಿ ಉರಿಯುತ್ತದೆ. ಎರಡರ ನಡುವಿನ ಹದವನ್ನು ದಿನವೂ ಹೊಸದಾಗಿ ಹುಡುಕಬೇಕು. ಅದಕ್ಕೆ ಮಾತಾಡಲೇಬೇಕಾಯಿತು.

‘ಎಷ್ಟು ಸುತ್ತು ಹಾಕಿಸಿದಿರಿ?’

‘ಎರಡು. ಎರಡನೇದರಲ್ಲಿ ಎಡವಿತು.’

‘ಹಾಗಾದ್ರೆ ಈಗ ಒಂದೇ ಸಾಕು. ನೀರು ಕುಡೀತಾ?’

‘ಬಿಸಿ ಮಾಡಿ ಕೊಟ್ಟೆ, ಕುಡೀತು. ತಣ್ಣೀರು ಮುಟ್ಟಲ್ಲ.’

ಅಷ್ಟೇ ಮಾತು. ಬೇರೆ ಯಾವ ವಿಷಯವೂ ಇಲ್ಲ. ಆದರೂ ಮನೆಯೊಳಗೆ ಮನುಷ್ಯರ ದನಿಗೆ ಮನುಷ್ಯರ ದನಿ ಉತ್ತರ ಕೊಡುತ್ತಿತ್ತು.

ಬೇಕರಿಯಲ್ಲಿ ಬ್ರೆಡ್ಡು ತೆಗೆದಾದ ಮೇಲೆ ಭಟ್ಟಿ ಬಹಳ ಹೊತ್ತು ಬಿಸಿ ಇರುತ್ತದೆ. ಸೊಸೆ ಬಟ್ಟೆಯ ಚೀಲಗಳಲ್ಲಿ ಗೋಧಿ ತುಂಬಿ ಅಲ್ಲಿ ಬಿಸಿಮಾಡಿ, ಹಳೆಯ ಕಂಬಳಿಯಲ್ಲಿ ಸುತ್ತಿ, ಸೊಂಟಕ್ಕೆ ಕಟ್ಟಿಕೊಂಡು ಬರುತ್ತಿದ್ದಳು. ಬೀದಿಯಲ್ಲಿ ನೋಡಿದವರು ಗಂಡ ಸತ್ತವಳಿಗೆ ಇದೇನು ಬಸಿರು ಅಂತ ಗುಸುಗುಸು ಮಾಡಿದರು. ಅದು ಕಿವಿಗೆ ಬಿದ್ದಾಗ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತೆ ಮಾತ್ರ ಗೇಟಿನ ತನಕ ಹೋಗಿ, ಹಾಗೆ ಮಾತಾಡಿದವಳನ್ನು ನಿಲ್ಲಿಸಿ, ಚೀಲ ಬಿಚ್ಚಿಸಿ ತೋರಿಸಿ, ‘ಹುಟ್ಟಿದ್ದು ಗೋಧಿ. ಬಾಣಂತನಕ್ಕೆ ಬಾ,’ ಅಂದುಬಂದಳು. ಭಟ್ಟಿಯ ಬೂದಿಯನ್ನೂ ಸೊಸೆ ಹೊತ್ತು ತಂದು ಹಿತ್ತಲಿನ ಮಂಜುಗಡ್ಡೆಯ ಮೇಲೆ ಚೆಲ್ಲುತ್ತಿದ್ದಳು, ಗೊರಸು ಜಾರದಿರಲಿ ಅಂತ. ಸೈಲೆನ್ಸರ್ ಹಳೆಯ ಲಾರಿ ಟೈರುಗಳನ್ನು ಸೀಳಿ ಹೊಸ್ತಿಲಿನಿಂದ ಗೇಟಿನವರೆಗೆ ಹಾಸಿಕೊಟ್ಟ.

ಹೊಟ್ಟೆ ವಾಸಿಯಾಯಿತು. ಅದೊಂದು ನಿಜವಾದ ಗೆಲುವು. ಲದ್ದಿ ಗಟ್ಟಿಯಾಯಿತು, ಜೋತಿದ್ದ ನೀರು ದಿನದಿನಕ್ಕೆ ಇಳಿಯಿತು, ಬಕೆಟ್ಟಿನ ತಳ ಮತ್ತೆ ಮಿರುಗಿತು. ಡಾಕ್ಟರು ಮಂಡಿಯೊಳಕ್ಕೇ ಒಂದು ಇಂಜೆಕ್ಷನ್ ಕೊಟ್ಟು ನೋಡಿದಳು. ಕೆಲವು ದಿನ ದೊರೆ ಹಗುರಾಗಿ ಓಡಾಡಿತು. ಅತ್ತೆಯ ಪ್ಲಾಸ್ಟರ್ ಬಿಚ್ಚಿದರು. ಸೊರಗಿ ಕಡ್ಡಿಯಾಗಿದ್ದ ಆ ಕೈಯಲ್ಲಿ ಅವಳು ಮೊದಲು ಮಾಡಿದ ಕೆಲಸವೆಂದರೆ ದೊರೆಯ ಜೂಲಿನ ಗಂಟು ಬಿಡಿಸಿದ್ದು. ಇನ್ನೇನು ಚಳಿ ಮುರಿಯುತ್ತದೆ ಅಂತ ಇಬ್ಬರೂ ಒಳಗೊಳಗೇ ಅಂದುಕೊಂಡರು.

ಆದರೆ ಇಷ್ಟು ದಿನ ಬಲಗಾಲನ್ನು ಕಾಪಾಡಿಕೊಳ್ಳಲು ದೊರೆ ಮೈಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿತ್ತು. ಎಡ ಗೊರಸು ಒಳಗಿನಿಂದ ಕೆಟ್ಟಿತು. ಊರಲು ಒಂದು ಒಳ್ಳೆಯ ಮುಂಗಾಲೂ ಉಳಿಯಲಿಲ್ಲ. ಒಂದು ದಿನ ಸೊಸೆ ಬೇಕರಿಯಿಂದ ಬಂದಾಗ ಅತ್ತೆ ಲಾಯದಲ್ಲಿ ಹೊಟ್ಟಿನ ಮೇಲೆ ಕೂತಿದ್ದಳು. ದೊರೆ ಅವಳ ಪಕ್ಕದಲ್ಲಿ ಮಗ್ಗುಲಾಗಿ ಮಲಗಿತ್ತು. ಅದರ ಕತ್ತಿನ ಮೇಲೆ ಹೊಗೆಯಂತೆ ಆವಿ ಏಳುತ್ತಿತ್ತು.

‘ಬೆಳಗ್ಗೆಯಿಂದ ಎದ್ದಿಲ್ಲ,’ ಅಂದಳು ಅತ್ತೆ. ‘ಅರ್ಧ ಎದ್ದು ಬೀಳ್ತಿದೆ.’

ಸೈಲೆನ್ಸರ್ ಅಂಗಡಿಯ ಇಬ್ಬರು ಆಳುಗಳನ್ನು ಕರೆದುಕೊಂಡು ಚೈನ್ ಪುಲ್ಲಿ ತಂದ. ಲಾಯದ ತೊಲೆಗೆ ಅದನ್ನು ಬಿಗಿದು, ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿ ತೂರಿಸಿ, ಇಂಚು ಇಂಚಾಗಿ ಎತ್ತಿದರು. ಅವತ್ತು ಅವನು ಒಂದು ಮಾತೂ ಆಡಲಿಲ್ಲ. ದೊರೆ ನಿಂತಿತು. ನಾಲ್ಕು ಕಾಲೂ ನಡುಗುತ್ತಿದ್ದವು. ಪಟ್ಟಿ ಸಡಿಲಿಸಿದರು. ಒಂದಷ್ಟು ಹೊತ್ತು ತಾನೇ ನಿಂತಿತು. ಆಮೇಲೆ ಬಲ ಮಂಡಿ ಮಡಚಿಕೊಂಡಿತು, ಎಡಗಾಲು ತಡೆಯಲಿಲ್ಲ. ದೊರೆ ಬಿದ್ದ ಸದ್ದಿಗೆ ಲಾಯದ ಗೋಡೆ ಅದುರಿತು.

ಮಧ್ಯಾಹ್ನದ ಹೊತ್ತಿಗೆ ಬಂದ ಡಾಕ್ಟರು ಹೆಚ್ಚು ಹೊತ್ತು ನೋಡಲಿಲ್ಲ.

‘ಅಜ್ಜಿ, ಇನ್ನು ಎತ್ತಿ ಪ್ರಯೋಜನ ಇಲ್ಲ. ನೋಡೋಕೆ ನಿಮಗೂ ಕಷ್ಟ, ಅದಕ್ಕೂ ಕಷ್ಟ. ನೀವು ಹೂಂ ಅಂದ್ರೆ ಈಗಲೇ ಅದು ನೋವಿಲ್ಲದೆ ಹೋಗೋ ಹಾಗೆ ಮಾಡಿಬಿಡ್ತೀನಿ.’

ಅತ್ತೆ ದೊರೆಯ ಕಿವಿಯ ಹಿಂದೆ ಕೈಯಾಡಿಸುತ್ತ ಕೂತಿದ್ದಳು.

‘ಅವಳನ್ನ ಕೇಳಿ,’ ಅಂದಳು.

ಡಾಕ್ಟರು ಸೊಸೆಯ ಕಡೆ ತಿರುಗಿದಳು. ಸೊಸೆ ಕಂಬಕ್ಕೆ ಒರಗಿ ನಿಂತಿದ್ದಳು. ಗೋಧಿಯ ಚೀಲಗಳು ಇನ್ನೂ ಸೊಂಟದಲ್ಲೇ ಇದ್ದವು.

‘ಕುದುರೆ ನನ್ನದಲ್ಲ,’ ಅಂದಳು.

ಡಾಕ್ಟರಿಗೆ ಬೇರೆ ಕಡೆಯಿಂದಲೂ ಕರೆ ಬಂದಿತ್ತು. ನೋವಿಗೆ ಸ್ವಲ್ಪ ತಡೆಯಾಗಲಿ ಅಂತ ಒಂದು ಸೂಜಿ ಹಾಕಿ, ಸಂಜೆಯೊಳಗೆ ಫೋನ್ ಮಾಡಿ ಅಂತ ಹೇಳಿ ಹೋದಳು. ಸೈಲೆನ್ಸರ್ ಆಳುಗಳನ್ನು ಕರೆದುಕೊಂಡು ಹೊರಗೆ ಹೋದ. ಲಾಯದಲ್ಲಿ ಇಬ್ಬರು ಹೆಂಗಸರು, ಒಂದು ಕುದುರೆ.

‘ನೀನು ಹೇಳು,’ ಅಂದಳು ಅತ್ತೆ.

‘ನಾನು ಹೇಳಲ್ಲ.’

‘ನಿನಗೆ ಗೊತ್ತಲ್ಲ, ಹೇಗೆ ಹೇಳೋದು ಅಂತ.’

‘ಗೊತ್ತು. ಅದಕ್ಕೇ ಹೇಳಲ್ಲ.’ ಸೊಸೆಯ ದನಿ ಏರಲಿಲ್ಲ. ‘ಒಂದು ಸಲ ಹೇಳಿ ಇಷ್ಟು ದಿನ ನಿಮ್ಮ ಬೆನ್ನು ನೋಡಿದ್ದೀನಿ. ಇನ್ನೊಂದು ಸಲ ನನ್ನ ಕೈಲಾಗಲ್ಲ ಅತ್ತೆ. ಈ ಸಲ ನೀವು ಹೇಳಿ.’

ಅತ್ತೆ ಹೇಳಲಿಲ್ಲ. ಸೂಜಿಯ ಬಲ ಬೇಗ ಇಳಿಯಿತು. ದೊರೆ ಮತ್ತೆ ಏಳಲು ನೋಡಿತು. ಮುಂಗಾಲು ಚಾಚಿತು, ಅರ್ಧ ಎದ್ದು ಗೋಡೆಗೆ ತಲೆ ಬಡಿದುಕೊಂಡು ಬಿತ್ತು. ಕಣ್ಣಿನ ಮೇಲೆ ಚರ್ಮ ಹರಿದು ರಕ್ತ ಬಂತು. ಸೊಸೆ ಬಟ್ಟೆ ಒತ್ತಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಏಳಲು ನೋಡಿತು. ಒಂದು ಮಾತು ಹೇಳಿದರೆ ಇದೆಲ್ಲ ನಿಲ್ಲುತ್ತದೆ ಅಂತ ಸೊಸೆಗೆ ಗೊತ್ತಿತ್ತು. ತನ್ನ ಹಟಕ್ಕೆ ಬೆಲೆ ಕೊಡುತ್ತಿರುವುದು ದೊರೆ ಅಂತಲೂ ಗೊತ್ತಿತ್ತು. ಆದರೂ ಬಾಯಿ ತೆರೆಯಲಿಲ್ಲ. ತಾನು ಅಷ್ಟು ಗಟ್ಟಿಯಾಗಬಲ್ಲೆ ಅನ್ನುವುದು ಅವಳಿಗೇ ಹೆದರಿಕೆ ತಂದಿತು. ಮೂರನೆಯ ಸಲ ದೊರೆ ಏಳಲು ನೋಡಲಿಲ್ಲ. ಕೊರಳ ಆಳದಿಂದ ಒಂದು ಸದ್ದು ಮಾಡಿತು, ಅಷ್ಟೆ. ಕೆನೆತವಲ್ಲ. ಅಷ್ಟು ವರ್ಷ ಅದರ ಜೊತೆಗಿದ್ದ ಅತ್ತೆಯೂ ಆ ಸದ್ದನ್ನು ಯಾವತ್ತೂ ಕೇಳಿರಲಿಲ್ಲ.

ಅತ್ತೆ ಗೋಡೆ ಹಿಡಿದು ಎದ್ದಳು. ಸೆರಗಿನ ಗಂಟಿನಿಂದ ಫೋನು ತೆಗೆದು ಸೊಸೆಯ ಕೈಗೆ ಕೊಟ್ಟಳು. ‘ನಂಬರು ಒತ್ತಿಕೊಡು, ನನಗೆ ಕಾಣಿಸಲ್ಲ,’ ಅಂದಳು. ಸೊಸೆ ಒತ್ತಿಕೊಟ್ಟಳು. ಅತ್ತೆ ಅದನ್ನು ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಡಾಕ್ಟರು ಹಲೋ ಹಲೋ ಅನ್ನುತ್ತಿರುವುದು ಸೊಸೆಗೂ ಕೇಳಿಸುತ್ತಿತ್ತು.

‘ಬನ್ನಿ,’ ಅಂದಳು ಅತ್ತೆ. ‘ಹೂಂ. ಮಾಡಿಬಿಡಿ. ಬನ್ನಿ.’

ಬೆಳಕು ಇರುವಾಗಲೇ ಮುಗಿಯಿತು. ಅತ್ತೆ ತಲೆಯ ಹತ್ತಿರ, ಸೊಸೆ ಕಾಲಿನ ಹತ್ತಿರ ಕೂತಿದ್ದರು. ಸೊಸೆಯ ಕೈ ತಾನಾಗಿಯೇ ಹೋಗಿ ಬಲ ಮಂಡಿಯ ಮೇಲೆ ಕೂತಿತ್ತು. ಡಾಕ್ಟರು ‘ಆಯಿತು’ ಅಂದ ಮೇಲೂ ಮಂಡಿ ಬಿಸಿಯಾಗಿಯೇ ಇತ್ತು.

ಸತ್ತ ಪ್ರಾಣಿಗಳನ್ನು ಒಯ್ಯುವ ಲಾರಿ ಬಂದದ್ದು ಮರುದಿನ. ನೆಲ ಕಲ್ಲಾಗಿದ್ದರಿಂದ ಹೂಳುವ ಮಾತೇ ಇರಲಿಲ್ಲ. ಲಾರಿ ಹಿತ್ತಲಿಗೆ ಬರಲು ಗೇಟಿನ ಕಂಬ ಅಡ್ಡವಾಯಿತು. ಸೈಲೆನ್ಸರ್ ಕಣ್ಣಿಗೆ ಕನ್ನಡಕ ಹಾಕಿಕೊಂಡು ಕಂಬವನ್ನು ಬುಡಕ್ಕೇ ಕತ್ತರಿಸಿದ. ಲಾರಿಯವನು ತಂತಿಹಗ್ಗ ಎಳೆದು ತಂದು, ಟಾರ್ಪಾಲು ಸರಿಸಿ, ಕೈಗೆ ಸಿಕ್ಕ ಕಾಲಿಗೆ ಕೊಕ್ಕೆ ಹಾಕಲು ಬಗ್ಗಿದ.

‘ಆ ಕಾಲಿಗೆ ಬೇಡ,’ ಎಂದಳು ಅತ್ತೆ.

‘ಸತ್ತು ಹೋಗಿದೆಯಲ್ಲಮ್ಮ. ಯಾವ ಕಾಲಾದರೇನು?’

‘ಎಡಗಾಲಿಗೆ ಹಾಕಪ್ಪ,’ ಅಂದಳು ಸೊಸೆ. ‘ಹೇಳಿದಷ್ಟು ಮಾಡು.’

ಅವನು ಭುಜ ಕುಣಿಸಿ ಎಡಗಾಲಿಗೆ ಹಾಕಿದ. ತಂತಿ ಬಿಗಿಯಾಗಿ ದೊರೆಯನ್ನು ಕಲ್ಲಿನ ಮೇಲೆ, ಬೂದಿಯ ಮೇಲೆ, ಟೈರಿನ ಪಟ್ಟಿಯ ಮೇಲೆ ಎಳೆದುಕೊಂಡು ಹೋಯಿತು. ಇಬ್ಬರೂ ಒಳಗೆ ಹೋಗದೆ ಕೊನೆಯ ತನಕ ನಿಂತು ನೋಡಿದರು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಸೊಸೆ ಚಹಾ ಮಾಡಿ ಒಂದು ಲೋಟವನ್ನು ಅತ್ತೆಯ ಮುಂದಿಟ್ಟಳು. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ಕೂತಳು.

‘ಹೇಳೋಕೆ ಬಾಯೇ ಬರಲಿಲ್ಲ ನನಗೆ,’ ಅಂದಳು. ‘ನಿನಗೆ ಅವತ್ತು ಹೇಗೆ ಬಂತು?’

‘ಬರಲಿಲ್ಲ. ಡಾಕ್ಟರು ಕೇಳಿದರು, ನಾನು ತಲೆ ಅಲ್ಲಾಡಿಸಿದೆ. ಸರಿಯಾಗಿ ಕಾಣಿಸಲಿಲ್ಲವೇನೋ, ಮತ್ತೆ ಕೇಳಿದರು. ಮತ್ತೆ ಅಲ್ಲಾಡಿಸಿದೆ.’

‘ನಾನು ಹೊರಗೆ ಹೋಗಿಬಿಟ್ಟೆ.’

‘ಹೂಂ.’

‘ಅವನಿಗೆ ನೋವಿತ್ತಾ?’

‘ಇಲ್ಲ ಅಂದರು. ನನಗೆ ಗೊತ್ತಿಲ್ಲ ಅತ್ತೆ. ಕೈ ಹಿಡಕೊಂಡಿದ್ದೆ. ಅವರು ಬಿಡಿಸೋ ತನಕ ಹಿಡಕೊಂಡಿದ್ದೆ.’

ಅತ್ತೆ ಲೋಟವನ್ನು ಕೆಳಗಿಟ್ಟಳು.

‘ದೊರೆಗೆ ನೋವಿತ್ತು,’ ಅಂದಳು. ‘ಮಧ್ಯಾಹ್ನದಿಂದ ಸಂಜೆ ತನಕ. ಅದು ನಾನು ಕೊಟ್ಟಿದ್ದು.’

‘ನಾನೂ ಕೊಟ್ಟೆ,’ ಅಂದಳು ಸೊಸೆ.

ನೀನು ಮಾಡಿದ್ದು ಸರಿ ಅಂತ ಅತ್ತೆ ಹೇಳಲಿಲ್ಲ. ಆಮೇಲೂ ಯಾವತ್ತೂ ಹೇಳಲಿಲ್ಲ. ಸೊಸೆ ಅದನ್ನು ಕಾಯುವುದನ್ನು ಬಿಟ್ಟಳು.

ಮಂಜುಗಡ್ಡೆ ಕರಗಿ ಹಿತ್ತಲಿನ ಕಲ್ಲು ಮತ್ತೆ ಕಾಣಿಸಿಕೊಂಡಾಗ ಬೇಕರಿಯ ಮಾಲೀಕ ಅಂಗಡಿಯ ಮೇಲಿನ ಕೋಣೆ ಖಾಲಿಯಿದೆ, ಬೇಕಾದರೆ ಇರು ಅಂದ. ಸೊಸೆ ಒಂದು ದಿನ ಬೇಕರಿಯಿಂದ ಬಂದವಳೇ ಅದನ್ನು ಅತ್ತೆಗೆ ಹೇಳಿದಳು. ಲಾಯವನ್ನು ಗುಡಿಸಿ ಸುಣ್ಣ ಹೊಡೆಯುತ್ತಿದ್ದ ಅತ್ತೆ ಕೈ ನಿಲ್ಲಿಸಲಿಲ್ಲ.

‘ಕೋಣೆಗೆ ಕಿಟಕಿ ಇದೆಯಾ?’

‘ಒಂದಿದೆ. ಬೀದಿ ಕಡೆಗೆ.’

‘ಭಟ್ಟಿಯ ಮೇಲೆ ಅಲ್ವಾ? ಬೇಸಿಗೆಯಲ್ಲಿ ಬೆಂದುಹೋಗ್ತೀಯ.’

‘ಹೌದು.’

ಅತ್ತೆ ಗೋಡೆಯ ಮೂಲೆಗೆ ಸುಣ್ಣ ತಾಗದೆ ಉಳಿದಿದ್ದ ಜಾಗವನ್ನು ಎರಡು ಸಲ ಬಳಿದಳು.

‘ಇಲ್ಲೇ ಇರು,’ ಅಂದಳು. ಗೋಡೆಗಲ್ಲ, ತಿರುಗಿ ಅವಳಿಗೇ ಹೇಳಿದಳು.

ಸೊಸೆ ಆಗಲೇ ಹೂಂ ಅನ್ನಲಿಲ್ಲ. ಹೊತ್ತಾಗಿತ್ತು, ಅಡುಗೆಗೆ ಇಡಲು ಒಳಗೆ ಹೋದಳು. ಎರಡು ದಿನ ಬಿಟ್ಟು ಮಾಲೀಕನಿಗೆ ಕೋಣೆ ಬೇರೆಯವರಿಗೆ ಕೊಡಿ ಅಂದಳು.